ನಕ್ಷೆಗೆ ಚುಚ್ಚಿದ ಫೋಟೋ

ಕಾಲೇಜಿನ ಗೆಳೆತನದ ಸಂಜೆಗೆಂದು ಗೋಡೆಗೆ ತೂಗುಹಾಕಿದ್ದ ಪ್ರಪಂಚದ ನಕ್ಷೆಯಿಂದ ಕನ್ನಡ ಕಲಿತಿದ್ದ ವಿದೇಶಿ ಹುಡುಗಿಯೊಬ್ಬಳು ತನ್ನ ಫೋಟೋ ಕೀಳುತ್ತಿದ್ದಳು. ಗುಂಡುಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಇದನ್ನ ಯಾರು ಹಾಕಿದ್ದು, ಅಕ್ಕಾ?"

"ನಾನೇ ಕಣೇ," ಎಂದಳು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಯಾರೂ ಹೊರಗುಳಿಯಬಾರದೆಂದು ವಾರವಿಡೀ ಒದ್ದಾಡಿದವಳು ಅವಳು. "ಎಲ್ಲರೂ ಅವರವರ ಊರಿಗೆ ಫೋಟೋ ಚುಚ್ಚಿದ್ರು. ನೀನೋ ನಾಚಿಕೆಯ ಮುದ್ದೆ! ಅದಕ್ಕೇ ನಾನೇ ಚುಚ್ಚಿದೆ. ಹೋದ ವಾರವೇ ಕಾಲೇಜಿನ ಫೇಸ್‌ಬುಕ್ಕಿಗೂ ಹಾಕ್ಬಿಟ್ಟೆ."

ಹುಡುಗಿ ಗೋಡೆಗೆ ಒರಗಿದಳು. "ಮದುವೆ ತಪ್ಪಿಸ್ಕೊಂಡು ಓಡಿ ಬಂದೋಳು ನಾನು. ಎಲ್ಲಿದ್ದೀನಿ ಅಂತ ಅಣ್ಣನಿಗೆ ಗೊತ್ತಾದ್ರೆ ಜೀವಸಹಿತ ಬಿಡಲ್ಲ."

ಅದನ್ನು ಅಳಿಸಲೆಂದು ಕಾರ್ಯದರ್ಶಿ ಮೊಬೈಲು ತೆರೆದಳು. ಫೋಟೋದ ಕೆಳಗೆ ಅಪರಿಚಿತನೊಬ್ಬ ಹಾಕಿದ ರಾತ್ರಿಯೇ ಕೇಳಿದ್ದ: 'ಮನೆಯವರೂ ಬರಬಹುದೇ?' ಅದರಡಿ ಅವಳದೇ ಉತ್ತರವಿತ್ತು: 'ಖಂಡಿತ ಬನ್ನಿ. ಶನಿವಾರ ಸಂಜೆ ಐದಕ್ಕೆ, ಗ್ರಂಥಾಲಯದ ಪಕ್ಕದ ಸಭಾಂಗಣ.' ಎಲ್ಲರಿಗೂ ಹೀಗೇ ಉತ್ತರಿಸಿದ್ದಳು, ಒಬ್ಬರನ್ನೂ ಬಿಡದೆ.

ಐದೂಕಾಲು ಆಗಿತ್ತು. "ಬಾಗಿಲು ಹಾಕ್ರೇ!" ಎಂದು ಅವಳು ಕೂಗುವಷ್ಟರಲ್ಲಿ, ಬಾಗಿಲಲ್ಲಿ ಅತಿಥಿಗಳನ್ನು ಸ್ವಾಗತಿಸುತ್ತಿದ್ದ ಗೆಳತಿ ನಗುನಗುತ್ತಾ ಒಳಬಂದಳು.

"ಯಾರು ಬಂದಿದ್ದಾರೆ ನೋಡೇ! ನಿಮ್ಮಣ್ಣನಂತೆ. ಅಷ್ಟು ದೂರದಿಂದ ಬಂದೋರನ್ನ ಹೊರಗೆ ನಿಲ್ಲಿಸ್ಬಾರ್ದು ಅಂತ ನಾನೇ ಕರ್ಕೊಂಡು ಬಂದೆ."