ಹಿತ್ತಲಿಗೆ ಬಂದ ಕೋಳಿ

ಒದ್ದೆ ಕಟ್ಟಿಗೆಯ ವಾಸನೆ ಬಂದರೆ ನನಗೆ ಈಗಲೂ ಹರಿಹರದ ನಮ್ಮ ಹಿತ್ತಲು, ಅಲ್ಲಿ ವಿಧಿವತ್ತಾಗಿ ನೇಮಕಗೊಂಡ ಒಂದು ಕೋಳಿ ನೆನಪಾಗುತ್ತವೆ.

ತಮ್ಮ ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ. ಕಟ್ಟಿಗೆ ರಾಶಿಯ ಚೇಳುಗಳು ಅಡುಗೆಮನೆಯವರೆಗೂ ಬರುತ್ತಿದ್ದುದರಿಂದ ಅಮ್ಮ ಅವನನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಅಜ್ಜಿ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದಳು. ನಾವೆಲ್ಲ ಕೆಮ್ಮಿದೆವು, ಚೇಳುಗಳು ಕೆಮ್ಮಲಿಲ್ಲ.

"ನಮ್ಮ ಕೋಳಿ ಬಿಡ್ತೀನ್ರಿ, ಒಂದೂ ಉಳಿಯಂಗಿಲ್ಲ," ಎಂದಳು ಪಕ್ಕದ ಮನೆಯ ಬೀಬಮ್ಮ.

ಲಿಂಗಪೂಜೆಯಾಗದೆ ನೀರೂ ಕುಡಿಯದ ಅಜ್ಜಿ ಬೆಚ್ಚಿದಳು. "ನಮ್ಮನ್ಯಾಗ ಕೋಳಿನಾ? ಶಿವ ಶಿವಾ, ಬ್ಯಾಡ!"

"ತಿನ್ನೋದು ನೀವಲ್ರೀ ಅಮ್ಮಾ, ಅದು."

ಅಜ್ಜಿ ಒಂದು ಮೊರ ತೊಗರಿಬೇಳೆ ಆರಿಸಿ ಮುಗಿಸುವ ತನಕ ಧರ್ಮಸೂಕ್ಷ್ಮವನ್ನು ಯೋಚಿಸಿ ತೀರ್ಪು ಕೊಟ್ಟಳು: "ಹಿತ್ತಲದಾಗ ಮಾತ್ರ."

ಮಧ್ಯಾಹ್ನ ಅಪ್ಪ ಒಂದೊಂದೇ ಕಟ್ಟಿಗೆ ಸರಿಸಿದಂತೆ ಕೋಳಿ ಚೇಳು ಹೆಕ್ಕುತ್ತ ಹೋಯಿತು. ನೋಡಬಾರದೆಂದು ಮುಖ ತಿರುಗಿಸಿ ಕೂತಿದ್ದ ಅಜ್ಜಿ, "ಎಷ್ಟಾದ್ವು?" ಎಂದು ಐದು ಸಲ ಕೇಳಿದಳು.

ರಾಶಿ ಖಾಲಿಯಾದಾಗ ಒಳಗಿನಿಂದ ಒಂದು ಹಿಡಿ ಜೋಳ ತಂದು ಚೆಲ್ಲಿದಳು. "ದುಡಿದೋರ್ನ ಉಣ್ಣಿಸ್ದೆ ಕಳಸ್ತಾರೇನು?"

ಹೊಟ್ಟೆ ಬಿರಿಯುವಂತೆ ತಿಂದಿದ್ದ ಕೋಳಿ ಅಜ್ಜಿಯ ಮರ್ಯಾದೆಗೆಂಬಂತೆ ನಾಲ್ಕು ಕಾಳು ಮುಟ್ಟಿತು. ಅಮ್ಮ ತಮ್ಮನನ್ನು ನೆಲಕ್ಕೆ ಬಿಟ್ಟಳು.