ಅಕ್ಕನಿಗೊಂದು ರಜೆ

ಕಬ್ಬಿಣ ಕಾಯಿಸಿ ಬಡಿಯುವ ಬೆಳಗಾವಿಯ ಆ ಫೋರ್ಜಿಂಗ್ ಕಾರ್ಖಾನೆಯಲ್ಲಿ ಹೊಸ ಕೆಲಸ ಬಂದರೆ ಮೊದಲು, ಕೆಲಸಗಾರರ ಮನಸ್ಸು, ಕೈಚಳಕವನ್ನೆಲ್ಲ ಇಳಿಸಿಕೊಂಡ ನಕಲು ಕಂಪ್ಯೂಟರಿನೊಳಗೆ ಅದನ್ನು ಮಾಡಿ ನೋಡುತ್ತಿತ್ತು. ಅಲ್ಲಿನ ಕೆಲಸಗಾರ್ತಿ ಕಸ್ತೂರಿ ಕಮ್ಮಾರಳ ನಕಲು ಒಳಗೆ ಹೋದದ್ದು ಕಳೆದ ದೀಪಾವಳಿಗೆ. ಅಲ್ಲಿ ಕಾಲ ಬೇಗ ಓಡುವುದರಿಂದ ಆ ನಕಲಿನ ತಲೆ ಆಗಲೇ ನರೆತಿತ್ತು. ಕಸ್ತೂರಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಆ ಮಧ್ಯಾಹ್ನ ಪರದೆಯ ಮೇಲೆ ಅಕ್ಕ ರೈಲಿನ ಗಾಲಿಗಳ ಅಚ್ಚು, ಆಕ್ಸಲ್ ಒಂದನ್ನು ಸುತ್ತಿಗೆಯಡಿಯಿಂದ ಎಳೆದಳು. ಪ್ರತಿ ಸಲ ಬಿರುಕು ಬಿಡುತ್ತಿದ್ದದ್ದು ಈ ಸಲ ಬಿಟ್ಟಿರಲಿಲ್ಲ.

"ಬೆಂಕಿ ಕಡಿಮಿ ಮಾಡಿ, ನಿಧಾನಕ ಬಡೀಬೇಕು ನೋಡು," ಎಂದು ಹೇಳಿ ಅಲ್ಲೇ ಕುಸಿದು ಕುಳಿತಳು. "ಒಂದಿನ ಸುಮ್ನ ಮಲಗಬೇಕು ಅನಸ್ತೈತಿ, ತಂಗಿ."

ಇಂಜಿನಿಯರ್ ವಿನುತಾ ಅಷ್ಟರಲ್ಲೇ ಮುಂದಿನ ಕೆಲಸ ತೆರೆಯುತ್ತಿದ್ದಳು.

"ಮೇಡಂ, ನಾಳೆ ಆಕಿಗೆ ರಜಾ ಕೊಡ್ರಿ," ಎಂದಳು ಕಸ್ತೂರಿ.

"ನಕಲಿಗೆ ಎಲ್ಲೀ ರಜಾ, ಕಸ್ತೂರಿಯವ್ರ?"

"ನಾಳೆ ನಂದ ರಜಾ ಐತಲ್ರಿ, ಅದನ್ನ ಆಕಿಗೆ ಹಾಕ್ರಿ. ಕೆಲಸ ನಾ ಹೊರಗಿನ ಕುಲುಮ್ಯಾಗ ಮಾಡಿ ನೋಡ್ತೀನಿ."

ವಿನುತಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಕಂಪ್ಯೂಟರಿನೊಳಗಿನ ಸುತ್ತಿಗೆ ನಿಲ್ಲಿಸಿದಳು.

ಮಗಳೊಡನೆ ಗೋಕಾಕದ ಜಲಪಾತಕ್ಕೆ ಹೋಗುವುದೆಂದು ಕಸ್ತೂರಿ ಆ ರಜೆ ಉಳಿಸಿಕೊಂಡಿದ್ದಳು. ಮಗಳಿಗೆ ಫೋನ್ ಮಾಡಿದಳು.

"ನಾಳೆ ಆಗೂದಿಲ್ಲವ್ವಾ."

"ಮತ್ತ ಕೆಲಸೇನ?"

"ನಿನ್ನ ದೊಡ್ಡವ್ವಗ ಭಾಳ ದಣಿವಾಗೈತಿ."

"ಹಂಗಾರ ಮಲಗಲಿ ಬಿಡು," ಎಂದಳು ಮಗಳು.

ಪರದೆಯ ಮೇಲೆ ಅಕ್ಕ ಆಗಲೇ ಸೆರಗು ಹೊದ್ದು ಮಲಗಿದ್ದಳು.