ಲೇತಿನ ಮೇಲಿನ ಗೀರು

ಸರಳಿನ ಎರಡು ತುದಿಗಳಿಗೆ ಮೈಕ್ರೋಮೀಟರ್ ಎರಡು ಅಳತೆ ತೋರಿಸಿತು. ನರೇಂದ್ರ ಸರಳನ್ನು ಬನಿಯನ್ನಿಗೆ ಒರೆಸಿ ಮತ್ತೆ ಅಳೆದ. ಅದೇ ವ್ಯತ್ಯಾಸ. ಮಳೆಗಾಲವಿಡೀ ಕುಮಾರಸ್ವಾಮಿ ಲೇಔಟಿನ ಶೆಡ್ಡಿನಲ್ಲಿ ಕೂತು ತಾನೇ ಬಿಚ್ಚಿ, ತೊಳೆದು, ಜೋಡಿಸಿದ ಹಳೆಯ ಲೇತು ಒಂದು ಸರಳನ್ನೂ ನೆಟ್ಟಗೆ ಕಡೆಯುತ್ತಿರಲಿಲ್ಲ. ಸಂಜೆಯೊಳಗೆ ಸ್ಯಾಂಪಲ್ ತಲುಪದಿದ್ದರೆ ಅಕ್ಕ ತಮ್ಮ ಸೇರಿ ತೆರೆದ ವರ್ಕ್‌ಶಾಪಿನ ಮೊದಲ ಆರ್ಡರ್ ಬೇರೆಯವರ ಪಾಲಾಗುತ್ತಿತ್ತು.

"ಆ ಅಂಗಡೀಲಿ ನೋಡಿದ ರೀಬಿಲ್ಡ್ ಮಾಡಿದ ಲೇತೇ ತಗೊಳ್ಳೋಣ ಅಂದೆ," ಎಂದಳು ಅಕ್ಕ ಸುಧಾಮಣಿ. "ನಿಂಗೆ ಇಂಜಿನಿಯರ್ ಆಗೋ ಹುಚ್ಚು."

"ಅದರ ಬೆಡ್ ನೋಡಿದ್ಯಲ್ಲಕ್ಕ? ಉದ್ದಕ್ಕೂ ಕೋಳಿ ಕೆದಕಿದ ಹಾಗೆ ಗೀರು. ಇದರಲ್ಲೂ ಇತ್ತು. ಗ್ರೈಂಡರ್ ಹಾಕಿ ಎಲ್ಲಾ ಉಜ್ಜಿ ತೆಗೆದೆ. ನೋಡು, ಮುಖ ಕಾಣತ್ತೆ."

ಸುಧಾಮಣಿ ಟೂಲ್ ಜಾರುವ ಆ ಕಬ್ಬಿಣದ ಹಾಸಿನತ್ತ ಬಗ್ಗಿದಳು. ನಿಜಕ್ಕೂ ಮುಖ ಕಾಣುತ್ತಿತ್ತು. "ಅಲ್ವೋ, ಆ ಅಂಗಡಿಯವನು ಗೀರಿನ ಮೇಲೇ ಕೈ ಸವರಿ ಸವರಿ ತೋರಿಸ್ತಿದ್ದ. ಹಾಳಾಗಿರೋದನ್ನ ಯಾರಾದ್ರೂ ಗಿರಾಕಿಗೆ ತೋರಿಸ್ತಾರಾ?"

ನರೇಂದ್ರ ಉಕ್ಕಿನ ಪಟ್ಟಿಯೊಂದನ್ನು ಹಾಸಿನ ಮೇಲೆ ಅಂಚೂರಿ ನಿಲ್ಲಿಸಿ ಹಿಂದೆ ಟಾರ್ಚ್ ಹಿಡಿದ. ನಡುವಿನಲ್ಲಿ ಪಟ್ಟಿಯ ಅಡಿಯಿಂದ ಬೆಳಕು ಸೋರಿತು; ಹಾಸು ಅಲ್ಲಿ ತಗ್ಗಾಗಿತ್ತು. ಗೀರುಗಳು ಸವೆತವಲ್ಲ, ಹಾಸನ್ನು ಮಟ್ಟ ಮಾಡಲು ಯಾರೋ ಕೈಯಲ್ಲಿ ಕೂದಲೆಳೆಯಷ್ಟೇ ಹೆರೆದ ಗುರುತುಗಳು. ಆ ಮಟ್ಟವನ್ನೇ ಅವನು ಉಜ್ಜಿ ಹಾಕಿದ್ದ. ಅಂಗಡಿಯವನು ಕೈ ಸವರಿ ಅದನ್ನೇ ಹೇಳುತ್ತಿದ್ದಾಗ ಮೂಗು ಮುರಿದು ಎದ್ದು ಬಂದಿದ್ದ.

"ಆ ಅಂಗಡಿಯವರ ಹತ್ರ ಆ ಮಷಿನ್ ಇನ್ನೂ ಇದ್ಯಾ ಕೇಳಕ್ಕ," ಎಂದ, ಟಾರ್ಚ್ ಆರಿಸದೆ. "ಸ್ಯಾಂಪಲ್ ಅಲ್ಲೇ ಕಡೀತೀನಿ."

ಸುಧಾಮಣಿ ನಂಬರ್ ಒತ್ತಿ ಫೋನನ್ನು ಅವನ ಕೈಗಿಟ್ಟಳು. "ನೀನೇ ಕೇಳು. ಗೀರು ಇನ್ನೂ ಹಾಗೇ ಇಟ್ಟಿದ್ದಾರಾ ಅಂತ."